ಸಂತ ಬ್ರಿಜಿಡಳ ಜೊಂಡು ಶಿಲುಬೆ: ಕೀಳುವುದರಿಂದ ಕಟ್ಟುವವರೆಗೆ, ಜೊತೆಗೆ ಹೇಳುವ ಕಥೆಗಳು

ಜನವರಿ 31ರ ಸಂಜೆ ಐರ್ಲೆಂಡಿನ ಹಳ್ಳಿಮನೆಗಳಲ್ಲಿ ಹಸಿ ಜೊಂಡನ್ನು ಹೆಣೆದು ಶಿಲುಬೆ ಕಟ್ಟುತ್ತಾರೆ. ಮರುದಿನ ಫೆಬ್ರವರಿ 1, ಐರ್ಲೆಂಡಿನ ಕ್ರೈಸ್ತ ಸನ್ಯಾಸಿನಿ ಸಂತ ಬ್ರಿಜಿಡಳ ಹಬ್ಬ. ಹಳೆಯ ಐರಿಶ್ ಲೆಕ್ಕದಲ್ಲಿ ಅದೇ ಇಂಬೋಲ್ಕ್, ಅಂದರೆ ವಸಂತದ ಮೊದಲ ದಿನ. ಶಿಲುಬೆ ಕಟ್ಟುವುದು ಕೈ ಪಳಗಿದವರಿಗೆ ಇಪ್ಪತ್ತು ನಿಮಿಷದ ಕೆಲಸ. ಮೊದಲ ಸಲ ಕೂತವರಿಗೆ ಒಂದು ಗಂಟೆ ಹಿಡಿದೀತು. ಹೆಣಿಗೆ ಸುಲಭ, ಒಂದೇ ಚಲನೆ ಮತ್ತೆ ಮತ್ತೆ ಬರುತ್ತದೆ. ಕೆಡುವುದೆಲ್ಲ ಜೊಂಡಿನ ಹದದಲ್ಲಿ. ಆದ್ದರಿಂದ ಅದನ್ನೇ ಮೊದಲು ನೋಡೋಣ.

ಯಾವ ಜೊಂಡು, ಎಲ್ಲಿ, ಎಷ್ಟು

ಜೊಂಡು ಎಂದೊಡನೆ ಕೆರೆಯಂಚಿನಲ್ಲಿ ಬೆಳೆಯುವ, ಅಗಲ ಎಲೆಯ, ಕಂದು ಕದಿರಿನ ಗಿಡ ಕಣ್ಣಿಗೆ ಬರುತ್ತದೆ. ಇಲ್ಲಿ ಬೇಕಾದದ್ದು ಅದಲ್ಲ. ಐರ್ಲೆಂಡಿನ ನೀರು ನಿಲ್ಲುವ ಹುಲ್ಲುಗಾವಲುಗಳಲ್ಲಿ ಎಲೆಯೇ ಇಲ್ಲದೆ, ಸೂಜಿಯಂತೆ ನೆಟ್ಟಗೆ, ಕಡು ಹಸಿರಾಗಿ ಗುಂಪುಗುಂಪಾಗಿ ಏಳುವ ಮೆದು ಜೊಂಡು ಬೇಕು. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಜಂಕಸ್ ಎಫ್ಯೂಸಸ್. ಕಾಂಡ ದುಂಡಗೆ, ನುಣುಪಾಗಿ, ಸುಮಾರು 3 ಮಿಲಿಮೀಟರ್ ದಪ್ಪ ಇರುತ್ತದೆ. ಮುರಿದು ನೋಡಿದರೆ ಒಳಗೆ ಬುಡದಿಂದ ತುದಿಯವರೆಗೆ ಎಲ್ಲೂ ತುಂಡಾಗದ ಬಿಳಿ ತಿರುಳು, ಒತ್ತಿದರೆ ಸ್ಪಂಜಿನಂತೆ ತಗ್ಗುತ್ತದೆ. ಸಿಪ್ಪೆ ಸುಲಿದ ಈ ತಿರುಳನ್ನು ಕೊಬ್ಬಿನಲ್ಲಿ ಅದ್ದಿ ದೀಪವಾಗಿ ಉರಿಸುತ್ತಿದ್ದ ಕಾಲವೂ ಇತ್ತು. ಮಡಿಸಿದಾಗ ಕಾಂಡ ಒಡೆಯದೆ ಬಾಗುವುದು ಇದೇ ತಿರುಳಿನಿಂದ.

ಇದನ್ನೇ ಹೋಲುವ ಇನ್ನೆರಡು ಗಿಡಗಳು ಅದೇ ಗದ್ದೆಯಲ್ಲಿ ಸಿಗಬಹುದು. ಒಂದು ಗಟ್ಟಿ ಜೊಂಡು. ಬಣ್ಣ ನೀಲಿ ಬೆರೆತ ಬೂದು, ಮೈಮೇಲೆ ಉದ್ದುದ್ದ ಗೀರು, ತಿರುಳು ತುಂಡುತುಂಡು. ಮಡಿಸುವಾಗ ಹಟ ಮಾಡುತ್ತದೆ. ಇನ್ನೊಂದು ಗಿಣ್ಣಿನ ಜೊಂಡು. ಅದರ ಎಲೆಯನ್ನು ಬೆರಳ ನಡುವೆ ಎಳೆದರೆ ಒಳಗಿನ ಅಡ್ಡಗೋಡೆಗಳು ಒಂದೊಂದಾಗಿ ಬೆರಳಿಗೆ ತಾಗುತ್ತವೆ. ಮಡಿಕೆ ಸರಿಯಾಗಿ ಅಂಥ ಗೋಡೆಯ ಮೇಲೆ ಬಿದ್ದರೆ ಅಲ್ಲೇ ಮುರಿಯುತ್ತದೆ. ಎರಡನ್ನೂ ಬಿಟ್ಟುಬಿಡಿ.

ಒಂದು ಸಾಧಾರಣ ಶಿಲುಬೆಗೆ 29 ಕಡ್ಡಿ ಬೇಕು: ನಡುವಿಗೆ ಮೂಲದ ಕಡ್ಡಿ ಒಂದು, ನಾಲ್ಕು ತೋಳಿಗೆ ತಲಾ ಏಳು. ಕೆಲವು ಒಡೆಯುತ್ತವೆ, ಕೆಲವು ತೆಳ್ಳಗಿರುತ್ತವೆ, ಆದ್ದರಿಂದ 40 ಕೀಳಿ. ಕೀಳಿ ಎಂದದ್ದು ಬೇಕೆಂದೇ. ಕತ್ತಿ ತಾಗಿಸಬಾರದು, ಕೈಯಲ್ಲೇ ಕೀಳಬೇಕು ಎನ್ನುವುದು ಹಳೆಯ ರೂಢಿ. ಅದು ಕೆಲಸಕ್ಕೂ ಒಳ್ಳೆಯದು. ನಾಲ್ಕೈದು ಕಾಂಡಗಳನ್ನು ನೆಲದ ಹತ್ತಿರ ಒಟ್ಟಿಗೆ ಹಿಡಿದು ನೆಟ್ಟಗೆ ಮೇಲಕ್ಕೆ ಎಳೆದರೆ, ಬುಡದ ಕಂದು ಪೊರೆಯೊಳಗಿಂದ ಕಾಂಡ ಜಾರಿ ಈಚೆ ಬರುತ್ತದೆ. ಕೊನೆಯ ನಾಲ್ಕು ಬೆರಳಿನಷ್ಟು ಭಾಗ ಹಾಲಿನಂತೆ ಬಿಳಿ. ಪೂರ್ತಿ ಉದ್ದ ಸಿಗುತ್ತದೆ, ಗಿಡದ ಬೇರೂ ಉಳಿಯುತ್ತದೆ. ಓರೆಯಾಗಿ ಎಳೆದರೆ ನಡುವಿನಲ್ಲೇ ಮಡಿಕೆ ಬಿದ್ದು ಆ ಕಾಂಡ ಕೆಲಸಕ್ಕೆ ಬಾರದು. ರೈತರಿಗೆ ಇದು ಕಳೆ, ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಆದರೂ ಕೇಳಿಯೇ ಗದ್ದೆಗೆ ಇಳಿಯಿರಿ.

ಕಿತ್ತದ್ದು ಅಂದೇ ಹೆಣೆದರೆ ಉತ್ತಮ. ಒಂದೆರಡು ದಿನ ಇಡಲೇಬೇಕಾದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ತಣ್ಣಗಿನ ಜಾಗದಲ್ಲಿಡಿ. ಬಿಸಿ ಕೋಣೆಯಲ್ಲಿ ಒಂದು ರಾತ್ರಿ ಬಿಟ್ಟರೆ ಸಾಕು, ಸಿಪ್ಪೆ ಬಿಗಿದು ಮಡಿಕೆಯಲ್ಲಿ ಸೀಳುತ್ತದೆ. ಹಾಗಾಗಿದ್ದರೆ ಉಗುರು ಬೆಚ್ಚಗಿನ ನೀರಿನಲ್ಲಿ ಒಂದೆರಡು ಗಂಟೆ ನೆನೆಸಿ, ಒರೆಸಿ ತೆಗೆಯಿರಿ. ಹೆಣೆಯಲು ಬರುತ್ತದೆ, ಆದರೆ ಹೊಸದಾಗಿ ಕಿತ್ತದ್ದರ ಬಿಗಿ ಬರುವುದಿಲ್ಲ.

ಹೆಣೆಯುವ ಮುಂಚೆ

ಕಾಂಡದ ಮೇಲ್ಭಾಗದಲ್ಲಿ ಪಕ್ಕದಿಂದ ಚಿಮ್ಮಿದಂತೆ ಒಂದು ಕಂದು ಹೂಗೊಂಚಲು ಇರುತ್ತದೆ. ಅದನ್ನೂ ಅದರ ಮೇಲಿನ ಚೂಪು ತುದಿಯನ್ನೂ ಕತ್ತರಿಸಿ ಬಿಸಾಡಿ. ಉಳಿದದ್ದರಲ್ಲಿ 30 ಸೆಂಟಿಮೀಟರ್‌ ಉದ್ದದ ತುಂಡು ಮಾಡಿಕೊಳ್ಳಿ (ಕತ್ತರಿ ಬೇಡವೆನ್ನುವ ರೂಢಿ ಗದ್ದೆಯಲ್ಲಿ ಮಾತ್ರ). ಉದ್ದ ಕಾಂಡದಲ್ಲಿ ಎರಡು ತುಂಡು ಸಿಗುವುದುಂಟು. ಬುಡದ ತುಂಡು ದಪ್ಪ, ಮೇಲಿನದು ತೆಳು. ಎರಡನ್ನೂ ಬೇರೆ ಬೇರೆ ಜೋಡಿಸಿಡಿ. ತೆಳ್ಳಗಿನವನ್ನು ಮೊದಲು, ದಪ್ಪದವನ್ನು ಕೊನೆಗೆ ಬಳಸಿದರೆ ನಡುವಿನ ಚೌಕ ಬಿಗಿಯಾಗಿ ಕೂರುತ್ತದೆ. ಮೂಲದ ಒಂದೇ ಒಂದು ಕಡ್ಡಿ ಮಾತ್ರ ಇರುವುದರಲ್ಲೇ ಗಟ್ಟಿಯಾದದ್ದಿರಲಿ.

ಪ್ರತಿ ಕಡ್ಡಿಯ ನಡುವನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ ಚಪ್ಪಟೆ ಮಾಡಿ, ಆಮೇಲೆ ಮಡಿಸಿ. ನೇರವಾಗಿ ಮಡಿಸಿದರೆ ಹೊರಗಿನ ಸಿಪ್ಪೆ ಬಿರಿದು ತಿರುಳು ಇಣುಕುತ್ತದೆ. ಚಪ್ಪಟೆಯಾದ ಮಡಿಕೆ ಪಕ್ಕದ ಮಡಿಕೆಗೆ ಅಂಟಿ ಕೂರುತ್ತದೆ. ನಡುವಿನ ಚೌಕ ರೇಷ್ಮೆಯಂತೆ ಹೊಳೆಯುವುದು ಈ ಒಂದು ಉಗುರೊತ್ತಿನಿಂದಲೇ.

ಹೆಣಿಗೆ

ಮೂಲದ ಕಡ್ಡಿಯನ್ನು ಮಡಿಸದೆ ಎಡಗೈಯಲ್ಲಿ ಲಂಬವಾಗಿ ಹಿಡಿಯಿರಿ. ಎರಡನೆಯದನ್ನು ನಡುವಿಗೆ ಮಡಿಸಿ, ಮೂಲದ ಕಡ್ಡಿಯ ನಟ್ಟನಡುವೆ ಎಡದಿಂದ ತೊಡಿಸಿ: ಮಡಿಕೆ ಎಡಕ್ಕೆ, ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ, ಬಿಡಿ ತುದಿಗಳೆರಡೂ ಬಲಕ್ಕೆ. ಕೂಡಿದ ಜಾಗವನ್ನು ಹೆಬ್ಬೆರಳು, ತೋರುಬೆರಳಿನಿಂದ ಬಿಗಿಹಿಡಿದು, ಇಡಿಯಾಗಿ ಅಪ್ರದಕ್ಷಿಣೆಯಾಗಿ ಕಾಲು ಸುತ್ತು ತಿರುಗಿಸಿ. ಈಗ ಬಿಡಿ ತುದಿಗಳು ಮೇಲೆ ನೋಡುತ್ತವೆ, ಮೂಲದ ಕಡ್ಡಿ ಅಡ್ಡ ಮಲಗಿದೆ.

ಮೂರನೆಯದನ್ನು ಮಡಿಸಿ, ಮೇಲೆ ನೋಡುತ್ತಿರುವ ಆ ಎರಡು ಕಾಲುಗಳಿಗೆ ಎಡದಿಂದ ತೊಡಿಸಿ. ಬಿಡಿ ತುದಿ ಮತ್ತೆ ಬಲಕ್ಕೆ. ನಡುವಿನವರೆಗೆ ತಳ್ಳಿ, ಎಳೆದು ಬಿಗಿ ಮಾಡಿ, ಮತ್ತೆ ಅಪ್ರದಕ್ಷಿಣೆಯಾಗಿ ಕಾಲು ಸುತ್ತು. ನಾಲ್ಕನೆಯದು, ಐದನೆಯದು ಹೀಗೆಯೇ. ಐದನೆಯದು ಕೂತಾಗ ನಾಲ್ಕು ದಿಕ್ಕಿಗೂ ತೋಳು ಮೂಡಿರುತ್ತದೆ. ಅಲ್ಲಿಂದ ಮುಂದೆ ಪ್ರತಿ ಹೊಸ ಮಡಿಕೆಯೂ ಮೇಲಿರುವ ತೋಳನ್ನು ಪೂರ್ತಿ ಅಪ್ಪಿ, ಹಳೆಯ ಮಡಿಕೆಯ ಹೊರಮಗ್ಗುಲಿಗೆ ತಾಗಿ ಕೂರಬೇಕು. ಹಳೆಯದರ ಮೇಲೆ ಏರಬಾರದು, ಅದರಿಂದ ದೂರವೂ ನಿಲ್ಲಬಾರದು.

ನೆನಪಿಡಬೇಕಾದದ್ದು ಇಷ್ಟೇ: ತೊಡಿಸುವುದು ಯಾವಾಗಲೂ ಮೇಲಿನ ತೋಳಿಗೆ, ತುದಿ ಯಾವಾಗಲೂ ಬಲಕ್ಕೆ, ತಿರುವು ಯಾವಾಗಲೂ ಎಡಕ್ಕೆ. ಎಡಗೈಯವರು ಎಲ್ಲವನ್ನೂ ಕನ್ನಡಿಯಂತೆ ತಿರುಗಿಸಿಕೊಳ್ಳಬಹುದು, ಅದಕ್ಕೇನೂ ದೋಷವಿಲ್ಲ. ಮಧ್ಯೆ ಒಮ್ಮೆ ತಿರುವು ತಪ್ಪಿದರೆ ಮಾತ್ರ ಕಷ್ಟ. ಮೂರು ತೋಳು ಬೆಳೆಯುತ್ತ ಒಂದು ಹಿಂದೆ ಬೀಳುತ್ತದೆ, ಚೌಕದ ಮೆಟ್ಟಿಲು ಸಾಲು ಮುರಿಯುತ್ತದೆ. ಮುಂದುವರಿದು ಸರಿಮಾಡಲು ಆಗುವುದಿಲ್ಲ. ತಪ್ಪಿದ ಜಾಗದವರೆಗೆ ಬಿಚ್ಚಲೇಬೇಕು. ಪ್ರತಿ ನಾಲ್ಕು ಮಡಿಕೆಗೊಮ್ಮೆ ನಾಲ್ಕೂ ತೋಳನ್ನು ಎಣಿಸಿ ನೋಡಿದರೆ ಬಿಚ್ಚುವ ಕೆಲಸ ನಾಲ್ಕು ಕಡ್ಡಿಗೇ ಮುಗಿಯುತ್ತದೆ.

ಇನ್ನೊಂದು ಸೂಕ್ಷ್ಮ. ಜೊಂಡಿನ ಒಂದು ತುದಿ ದಪ್ಪ, ಇನ್ನೊಂದು ತೆಳು. ಎಲ್ಲ ಕಡ್ಡಿಗಳ ದಪ್ಪ ಕಾಲೂ ಮುಂದೆಯೇ ಬಂದರೆ ಶಿಲುಬೆ ಒಣಗಿದಾಗ ಹಿಂದಕ್ಕೆ ಬಾಗುತ್ತದೆ. ಒಮ್ಮೆ ದಪ್ಪ ಕಾಲು ಮುಂದೆ, ಮರುಸುತ್ತಿನಲ್ಲಿ ಹಿಂದೆ, ಹೀಗೆ ಬದಲಿಸುತ್ತ ಹೋಗಿ.

ಇಪ್ಪತ್ತೆಂಟು ಮಡಿಕೆಗಳಾದ ಮೇಲೆ ತೋಳಿಗೆ ಏಳರಂತೆ ಹದಿನಾಲ್ಕು ಎಳೆ ಬಂದಿರುತ್ತವೆ. ಎದುರುಬದುರಿನ ಎರಡು ತೋಳಿನಲ್ಲಿ ಮೂಲದ ಕಡ್ಡಿಯ ಎಳೆ ಒಂದೊಂದು ಹೆಚ್ಚು. ಕೊನೆಯ ಕಡ್ಡಿಯನ್ನು ಹಿಡಿದಿಡಲು ಮುಂದಿನ ಮಡಿಕೆ ಇಲ್ಲ, ಆದ್ದರಿಂದ ಕಟ್ಟುವುದನ್ನು ಅದು ಕೂತ ತೋಳಿನಿಂದಲೇ ಶುರುಮಾಡಿ. ಬೆರಳು ಸಡಿಲಿಸುವುದು ಆ ಗಂಟು ಬಿದ್ದ ಮೇಲೆಯೇ. ಚೌಕದ ಅಂಚಿನಿಂದ 9-10 ಸೆಂಟಿಮೀಟರ್‌ಗೆ ತೋಳನ್ನು ಕತ್ತರಿಸುವುದೆಂದು ಗುರುತಿಟ್ಟುಕೊಂಡು, ಅದಕ್ಕಿಂತ ಎರಡು ಸೆಂಟಿಮೀಟರ್ ಒಳಗೆ ಜೊಂಡಿನ ಎಳೆಯಿಂದಲೋ ದಾರದಿಂದಲೋ ಮೂರು ಸುತ್ತು ಬಿಗಿದು ಗಂಟು ಹಾಕಿ. ನಾಲ್ಕೂ ಕಟ್ಟಿದ ಮೇಲೆಯೇ ಕತ್ತರಿ. ಮೊದಲೇ ಕತ್ತರಿಸಿದರೆ ಎಳೆಗಳು ಜಾರಿ ತುದಿ ಏರುಪೇರಾಗುತ್ತದೆ.

ಹಸಿರು ಶಿಲುಬೆ ಕೆಲವು ವಾರಗಳಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ನೀರು ಆರಿದಂತೆ ಜೊಂಡು ಸೊರಗುವುದರಿಂದ ಗಂಟು ಸಡಿಲವಾಗುತ್ತದೆ. ಒಂದು ವಾರದ ನಂತರ ದಾರವನ್ನು ಮತ್ತೊಮ್ಮೆ ಬಿಗಿಯಿರಿ. ಹೀಟರ್ ಮುಂದೆ, ಒಲೆಯ ಪಕ್ಕ ಇಟ್ಟು ಒಣಗಿಸಬೇಡಿ, ತೋಳು ತಿರುಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟರೆ ಎರಡೇ ದಿನಕ್ಕೆ ಬೂಸ್ಟು.

ನಾಲ್ಕು ತೋಳಿನ ಈ ರೂಪವೇ ಎಲ್ಲೆಡೆ ಕಾಣುವುದಕ್ಕೆ ಟೀವಿಯೂ ಒಂದು ಕಾರಣ. 1961ರ ಡಿಸೆಂಬರ್ 31ರಂದು ಶುರುವಾದ ಐರ್ಲೆಂಡಿನ ರಾಷ್ಟ್ರೀಯ ಟೆಲಿವಿಷನ್ ಇದನ್ನೇ ಲಾಂಛನ ಮಾಡಿಕೊಂಡಿತ್ತು. ಆದರೆ ಮೂರು ತೋಳಿನದೂ ಉಂಟು. ಹೆಣಿಗೆ ಇದೇ, ತಿರುವು ಮಾತ್ರ ಕಾಲು ಸುತ್ತಿನ ಬದಲು ಮೂರನೇ ಒಂದು ಸುತ್ತು. ಅದನ್ನು ದನದ ಕೊಟ್ಟಿಗೆಗೆ ಕಟ್ಟುತ್ತಿದ್ದರು. ಎರಡು ಕಡ್ಡಿಯನ್ನು ಅಡ್ಡ ಕಟ್ಟಿ ಸುತ್ತಲೂ ಒಣಹುಲ್ಲು ಸುತ್ತಿದ ವಜ್ರಾಕಾರದ್ದೂ ಇದೆ.

ಯಾವ ಕಥೆ, ಎಷ್ಟು ಹಳೆಯದು

ಹೆಣೆಯುವಾಗ ಕಥೆ ಹೇಳುವುದು ಆ ರಾತ್ರಿಯ ಕೆಲಸದ ಅರ್ಧ ಭಾಗ. ಇಲ್ಲಿಯೂ ಜೊಂಡಿನಷ್ಟೇ ಎಚ್ಚರ ಬೇಕು. ಬ್ರಿಜಿಡಳ ಹೆಸರಿನಲ್ಲಿ ಬೇರೆ ಬೇರೆ ಕಾಲದ ಕಥೆಗಳು ಒಂದೇ ಕಂತೆಯಲ್ಲಿ ಸೇರಿಕೊಂಡಿವೆ. ಎಲ್ಲವನ್ನೂ ಹೇಳಿ, ಆದರೆ ಯಾವುದು ಎಲ್ಲಿಂದ ಬಂತೆಂದು ಗೊತ್ತಿದ್ದು ಹೇಳಿ.

ಸಾಂಪ್ರದಾಯಿಕ ಲೆಕ್ಕದಲ್ಲಿ ಆಕೆ ಹುಟ್ಟಿದ್ದು ಸುಮಾರು 451ರಲ್ಲಿ, ತೀರಿಕೊಂಡದ್ದು ಸುಮಾರು 525ರಲ್ಲಿ. ಆಕೆಯ ಮಠ ಲೆನ್ಸ್ಟರ್ ಪ್ರಾಂತದ ಕಿಲ್ಡೇರ್‌ನಲ್ಲಿತ್ತು. ಐರಿಶ್ ಹೆಸರು ಕಿಲ್ ದಾರಾ, ಅಂದರೆ ಓಕ್ ಮರದ ಚರ್ಚ್. ಆಕೆಯ ಜೀವನವನ್ನು ಬರೆದವರಲ್ಲಿ ತೀರ ಹಳಬರಲ್ಲೊಬ್ಬ ಅದೇ ಮಠದ ಕೊಗಿತೊಸಸ್, ಸುಮಾರು 650ರಲ್ಲಿ, ಲ್ಯಾಟಿನ್‌ನಲ್ಲಿ. ಆಕೆ ಸತ್ತು ನೂರು ವರ್ಷಕ್ಕೂ ಹೆಚ್ಚು ಕಳೆದ ಮೇಲೆ. ಹುಟ್ಟು, ಮನೆತನದ ವಿವರಕ್ಕಿಂತ ಪವಾಡಗಳೇ ಅವನ ಬರಹದ ತುಂಬ. ಹಂಚಿಬಿಟ್ಟ ಬೆಣ್ಣೆ ಪ್ರಾರ್ಥನೆಯಿಂದ ಮತ್ತೆ ತುಂಬಿಕೊಂಡದ್ದು, ಮಳೆಯಲ್ಲಿ ನೆಂದ ಮೇಲುಹೊದಿಕೆಯನ್ನು ಬಿಸಿಲ ಕೋಲಿಗೆ ಮರವೆಂದುಕೊಂಡು ಹರವಿದ್ದು, ಅದು ಬೀಳದೆ ನಿಂತದ್ದು, ನೀರು ಬಿಯರ್ ಆದದ್ದು ಎಲ್ಲ ಅಲ್ಲಿವೆ. ದೀಕ್ಷೆಯ ದಿನ ಆಕೆ ಮುಟ್ಟಿದ ಬಲಿಪೀಠದ ಒಣಮರ ಹಸಿರಾಯಿತು ಎಂಬ ಕಥೆಯೂ ಅಲ್ಲಿಯದೇ. ಹಸಿ ಜೊಂಡು ಕೈಯಲ್ಲಿರುವಾಗ ಹೇಳಲು ಅದಕ್ಕಿಂತ ಒಪ್ಪುವ ಕಥೆ ಇಲ್ಲ.

ಚರಿತ್ರೆಯ ದೃಷ್ಟಿಯಿಂದ ಅವನ ಬರಹದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಪವಾಡವಲ್ಲ, ಚರ್ಚಿನ ವರ್ಣನೆ. ಬಲಿಪೀಠದ ಎಡಬಲಕ್ಕೆ ಬ್ರಿಜಿಡ್ ಮತ್ತು ಬಿಷಪ್ ಕೊನ್ಲೆತ್ ಇಬ್ಬರ ಸಮಾಧಿ, ಅವುಗಳ ಮೇಲೆ ತೂಗುಬಿಟ್ಟ ಚಿನ್ನ ಬೆಳ್ಳಿಯ ಕಿರೀಟಗಳು, ಗಂಡಸರ ಕಡೆ ಹೆಂಗಸರ ಕಡೆ ಬೇರೆಮಾಡುವ ಅಡ್ಡಗೋಡೆ. ಸನ್ಯಾಸಿ, ಸನ್ಯಾಸಿನಿಯರಿಬ್ಬರೂ ಒಂದೇ ಸೂರಿನಡಿ ಪ್ರಾರ್ಥಿಸುತ್ತಿದ್ದ ಜೋಡಿಮಠ ಅದು. ಪವಾಡ ಹೇಳುವವನು ಕೇಳುಗರನ್ನು ಒಲಿಸಲು ಹೊರಟಿರುತ್ತಾನೆ. ಆದರೆ ತಾನು ನಿತ್ಯ ನಡೆದಾಡುವ ಕಟ್ಟಡವನ್ನು ಬರೆಯುವಾಗ ಕಂಡದ್ದನ್ನೇ ಬರೆಯುತ್ತಾನೆ.

ಶಿಲುಬೆಯ ಕಥೆ ಮಾತ್ರ ಅಲ್ಲಿ ಇಲ್ಲ. ಎಲ್ಲರೂ ಹೇಳುವ ಆ ಕಥೆ ಹೀಗಿದೆ: ಕಿಲ್ಡೇರ್ ಹತ್ತಿರ ಒಬ್ಬ ಮುಖಂಡ, ಕ್ರೈಸ್ತನಲ್ಲದವನು, ಸಾಯುವ ಹಾಸಿಗೆಯಲ್ಲಿ ಜ್ವರದ ಬಡಬಡಿಕೆಯಲ್ಲಿದ್ದ. ಬ್ರಿಜಿಡ್ ಪಕ್ಕದಲ್ಲಿ ಕೂತಳು. ಮಾತು ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ನೆಲಕ್ಕೆ ಹಾಸಿದ್ದ ಜೊಂಡಿನಿಂದ ಎರಡು ಕಡ್ಡಿ ಎತ್ತಿ ಸುಮ್ಮನೆ ಹೆಣೆಯತೊಡಗಿದಳು. ಅವನ ಕಣ್ಣು ಆ ಬೆರಳುಗಳ ಮೇಲೆ ನಿಂತಿತು. ಏನದು ಎಂದು ಕೇಳಿದ. ಹೆಣೆಯುತ್ತಲೇ ಹೇಳಿದಳು. ಸಾಯುವ ಮೊದಲು ಅವನು ದೀಕ್ಷಾಸ್ನಾನ ಪಡೆದ. ಕೆಲವರ ಬಾಯಲ್ಲಿ ಆ ಮುಖಂಡ ಆಕೆಯ ತಂದೆಯೇ. ಇದು ಬಾಯಿಂದ ಬಾಯಿಗೆ ಬಂದ ಕಥೆ. ಆದರೆ ಅದರೊಳಗೊಂದು ಸರಿಯಾದ ವಿವರವಿದೆ: ಆ ಕಾಲದ ಮನೆಗಳಲ್ಲಿ ಜೊಂಡು ಕಾಲ ಕೆಳಗೇ ಇರುತ್ತಿತ್ತು, ಹುಡುಕಿ ತರಬೇಕಿರಲಿಲ್ಲ. ಮಕ್ಕಳಿಗೆ ಇದನ್ನು ಹೇಳುವುದಾದರೆ ಮೊದಲ ಐದು ಮಡಿಕೆಯ ಹೊತ್ತಿನಲ್ಲಿ ಹೇಳಿ. ನಾಲ್ಕು ತೋಳು ಮೂಡುವ ಹೊತ್ತಿಗೆ ಮುಖಂಡನ ಪ್ರಶ್ನೆ ಬರಬೇಕು.

ತಂದೆ ದುಬ್ಥಾಕ್ ಮತ್ತು ಕತ್ತಿಯ ಕಥೆ ಕೊಗಿತೊಸಸ್‌ನದಲ್ಲ, ಆಕೆಯ ಬೇರೆ ಹಳೆಯ ಜೀವನಚರಿತೆಗಳದು. ಬ್ರಿಜಿಡಳ ತಾಯಿ ದಾಸಿ. ಮನೆಯದನ್ನೆಲ್ಲ ಬಡವರಿಗೆ ಕೊಟ್ಟುಬಿಡುವ ಮಗಳನ್ನು ಲೆನ್ಸ್ಟರ್ ದೊರೆಗೆ ಮಾರಲು ತಂದೆ ಕರೆದೊಯ್ದ. ಅವನು ಒಳಗೆ ಮಾತಾಡುತ್ತಿದ್ದಾಗ, ಹೊರಗೆ ರಥದಲ್ಲಿದ್ದ ಆಕೆ ಅವನ ಬೆಲೆಬಾಳುವ ಕತ್ತಿಯನ್ನೇ ಒಬ್ಬ ಕುಷ್ಠರೋಗಿಗೆ ಕೊಟ್ಟಳು. ಹೊದಿಕೆ ಹಾಸಿದಷ್ಟು ನೆಲ ಕೇಳಿ, ಅದು ಕುರಾ ಬಯಲನ್ನೆಲ್ಲ ಮುಚ್ಚುವಷ್ಟು ಹರಡಿದ ಕಥೆ ಇವೆಲ್ಲಕ್ಕಿಂತ ಜನಪ್ರಿಯ. ಅದನ್ನು ಜನಪದವೆಂದೇ ಹೇಳಿ. ಕಿಲ್ಡೇರ್ ಪಕ್ಕದ ಆ ಬಯಲು ಇಂದಿಗೂ ಬೇಲಿಯಿಲ್ಲದೆ ಕುರಿ ಮೇಯುವ ಹುಲ್ಲುಗಾವಲು.

ಆರದ ಬೆಂಕಿಯ ವಿಷಯದಲ್ಲಿ ಹೊರಗಿನವನೊಬ್ಬನ ಬರಹವಿದೆ. 12ನೇ ಶತಮಾನದ ಕೊನೆಗೆ ವೇಲ್ಸ್‌ನ ಜೆರಾಲ್ಡ್ ಎಂಬ ಪಾದ್ರಿ ಕಿಲ್ಡೇರ್‌ನ ಬೆಂಕಿಯ ಬಗ್ಗೆ ಬರೆದ. ಹತ್ತೊಂಬತ್ತು ಸನ್ಯಾಸಿನಿಯರು ಸರದಿಯಂತೆ ಒಂದೊಂದು ರಾತ್ರಿ ಕಾಯುತ್ತಾರೆ. ಇಪ್ಪತ್ತನೆಯ ರಾತ್ರಿ ಸೌದೆ ಜೋಡಿಸಿಟ್ಟು, ಬ್ರಿಜಿಡ್, ಇಂದು ನಿನ್ನ ಸರದಿ ಎಂದು ಹೇಳಿ ಹೋಗುತ್ತಾರೆ. ಬೆಳಿಗ್ಗೆ ಸೌದೆ ಉರಿದಿರುತ್ತದೆ, ಬೆಂಕಿ ಆರಿರುವುದಿಲ್ಲ. ಸುತ್ತಲಿನ ಬೇಲಿಯನ್ನು ಗಂಡಸರು ದಾಟುವಂತಿಲ್ಲ. ಆ ಬೆಂಕಿ ಮುಂದೆ ಆರಿಹೋಯಿತು. 1993ರಲ್ಲಿ ಬ್ರಿಜಿಡೀನ್ ಸಿಸ್ಟರ್ಸ್ ಕಿಲ್ಡೇರ್‌ನಲ್ಲಿ ಅದನ್ನು ಮತ್ತೆ ಹಚ್ಚಿದರು. ಬ್ರಿಜಿಡ್ ಎಂಬ ಹೆಸರಿನ ಹಳೆಯ ಐರಿಶ್ ದೇವತೆಯೊಬ್ಬಳಿದ್ದಳು. ಅದನ್ನು ಹಿಡಿದು ಸಂತಳೇ ಇರಲಿಲ್ಲವೆನ್ನುವವರಿದ್ದಾರೆ. ಹೆಸರು ಒಂದೇ ಆಗಿರುವುದೂ ಸಂತಳ ಹಬ್ಬ ಇಂಬೋಲ್ಕ್ ದಿನವೇ ಬರುವುದೂ ನಿಜ. ಆದರೆ ಮಠ, ಅದರ ಸಮಾಧಿಗಳು, ಅದರ ಬರಹಗಾರ ನಮ್ಮ ಮುಂದಿದ್ದಾರೆ. ದೇವತೆಯ ಕಥೆ ಹೇಳುವಾಗಲೂ ಅವನ್ನು ಬಿಟ್ಟುಬಿಡಬಾರದು.

ಆ ರಾತ್ರಿಯ ಕ್ರಮ

2023ರಿಂದ ಐರ್ಲೆಂಡ್ ಗಣರಾಜ್ಯದಲ್ಲಿ ಈ ಹಬ್ಬಕ್ಕೆ ಸಾರ್ವಜನಿಕ ರಜೆ ಇದೆ. ಅದು ಬರುವುದು ಫೆಬ್ರವರಿಯ ಮೊದಲ ಸೋಮವಾರ. ಫೆಬ್ರವರಿ 1 ಶುಕ್ರವಾರವಾದರೆ ಮಾತ್ರ ರಜೆ ಆ ಶುಕ್ರವಾರವೇ. ರಜೆ ಎಂದಿದ್ದರೂ ಶಿಲುಬೆ ಕಟ್ಟುವುದು 31ರ ರಾತ್ರಿಯೇ.

ಉತ್ತರದ ಕಡೆ, ಡೊನೆಗಾಲ್‌ನಂಥ ಜಾಗಗಳಲ್ಲಿ, ಜೊಂಡಿನ ಹೊರೆಯನ್ನು ಸುಮ್ಮನೆ ಒಳಗೆ ತರುವುದಿಲ್ಲ. ಮನೆಯ ಹುಡುಗಿಯೊಬ್ಬಳು ಬ್ರಿಜಿಡಳ ಪರವಾಗಿ ಹೊರೆ ಹೊತ್ತು ಬಾಗಿಲ ಹೊರಗೆ ನಿಂತು, “ಮಂಡಿಯೂರಿ, ಕಣ್ಣು ತೆರೆಯಿರಿ, ಬ್ರೀಡ್‌ಳನ್ನು ಒಳಗೆ ಕರೆಯಿರಿ” ಎಂದು ಮೂರು ಸಲ ಕೂಗುತ್ತಾಳೆ (ಬ್ರೀಡ್ ಎಂದರೆ ಐರಿಶ್‌ನಲ್ಲಿ ಬ್ರಿಜಿಡ್). ಒಳಗಿನವರು ಅವಳಿಗೆ ಸ್ವಾಗತ ಎನ್ನುತ್ತಾರೆ. ಮೂರನೆಯ ಕೂಗಿಗೆ ಬಾಗಿಲು ತೆರೆಯುತ್ತದೆ. ಹೊರೆಯನ್ನು ಮೇಜಿನ ಕೆಳಗಿಟ್ಟು ಊಟ, ಹೆಚ್ಚಾಗಿ ಬೆಣ್ಣೆ ಹಾಕಿ ಕಿವುಚಿದ ಆಲೂಗಡ್ಡೆ. ಊಟವಾದ ಮೇಲೆ ಅದೇ ಜೊಂಡಿನಿಂದ ಹೆಣಿಗೆ. ಮಲಗುವ ಮುನ್ನ ಒಂದು ತುಂಡು ಬಟ್ಟೆಯನ್ನು ಹೊರಗೆ ಪೊದೆಯ ಮೇಲೋ ಕಿಟಕಿಯ ಹೊಸ್ತಿಲಲ್ಲೋ ಇಡುತ್ತಾರೆ. ಅದಕ್ಕೆ ಬ್ರತ್ ಬ್ರೀಡೆ, ಬ್ರೀಡ್‌ಳ ಹೊದಿಕೆ ಎಂದು ಹೆಸರು. ರಾತ್ರಿ ಹಾದುಹೋಗುವ ಸಂತಳು ಅದನ್ನು ಮುಟ್ಟುತ್ತಾಳೆ. ತಲೆನೋವಿಗೆ, ಹಸು ಕರು ಹಾಕುವಾಗ, ಆ ಬಟ್ಟೆಯನ್ನು ವರ್ಷವಿಡೀ ಬಳಸುತ್ತಾರೆ. ಗಾಳಿಗೆ ಹಾರದಂತೆ ಗಂಟು ಹಾಕಿ ಇಡಿ, ಫೆಬ್ರವರಿಯ ಗಾಳಿ ಜೋರಿರುತ್ತದೆ.

ಶಿಲುಬೆಗೆ ಪವಿತ್ರ ಜಲ ಚಿಮುಕಿಸಿ ಬಾಗಿಲ ಒಳಬದಿಯ ಮೇಲೆ, ಇಲ್ಲವೇ ಮಾಡಿನ ತೊಲೆಗೆ ಸಿಕ್ಕಿಸುತ್ತಾರೆ. ಬೆಂಕಿ, ಹಸಿವು, ರೋಗ ಮನೆ ಹೊಗದಿರಲಿ ಎಂದು. ಹುಲ್ಲಿನ ಮಾಡಿನ ಮನೆಗಳಲ್ಲಿ ಬೆಂಕಿಯ ಭಯ ಸಣ್ಣದಾಗಿರಲಿಲ್ಲ. ಮೊಳೆಯನ್ನು ಶಿಲುಬೆಯ ಚೌಕದೊಳಗೆ ಹೊಡೆಯಬೇಡಿ, ಮಡಿಕೆ ಸೀಳುತ್ತದೆ. ಹಿಂಬದಿಯ ಎರಡು ಎಳೆಗಳಡಿ ದಾರ ತೂರಿಸಿ ನೇತುಹಾಕಿ.

ಹಳೆಯ ವರ್ಷದ ಶಿಲುಬೆಯನ್ನು ಕೆಲವು ಕಡೆ ಒಲೆಗೆ ಹಾಕುತ್ತಾರೆ. ಬಹಳ ಕಡೆ ಅದನ್ನು ತೆಗೆಯುವುದಿಲ್ಲ, ಹೊಸದನ್ನು ಅದರ ಪಕ್ಕದಲ್ಲೇ ಸಿಕ್ಕಿಸುತ್ತಾರೆ. ಹಾಗೆ ಉಳಿದ ಹಳೆಯ ತೊಲೆಗಳಲ್ಲಿ ಹೊಗೆಗೆ ಕಪ್ಪಾದ ಶಿಲುಬೆಗಳ ಪಕ್ಕ ಹೋದ ವರ್ಷದ ಹಳದಿ, ಅದರ ಪಕ್ಕ ಈ ರಾತ್ರಿಯ ಹಸಿರು.